ಕಪ್ ಬಂತು, ಲೆಕ್ಕ ಬಾಕಿ ಇದೆ

ಸಂಪಾದಕರಿಗೆ,

ಮಾನ್ಯರೇ,

ಮಂಗಳವಾರದ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ‘ಭಾರತದ ಹಾಕಿಗೆ ಸುವರ್ಣಯುಗ ಮರಳಿತು’ ಎಂದು ಬರೆದಿದ್ದಾರೆ. ಭಾನುವಾರ (2025ರ ಸೆಪ್ಟೆಂಬರ್ 7) ರಾತ್ರಿ ಬಿಹಾರದ ರಾಜಗೀರ್‌ನಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ನಮ್ಮವರು ದಕ್ಷಿಣ ಕೊರಿಯಾವನ್ನು 4-1ರಿಂದ ಸೋಲಿಸಿದ್ದನ್ನು ಕಂಡು ಅವರಿಗೆ ಹಾಗೆ ಅನ್ನಿಸಿದೆ. ಅವರ ಸಂತೋಷಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ಆ ರಾತ್ರಿ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಆದರೆ ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರೂ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಕಿರ್ದಿಯನ್ನು ನಲವತ್ತು ವರ್ಷ ಬರೆದ ಗುಮಾಸ್ತ ನಾನು. ಚೀಲದ ಬಾಯಿಯಲ್ಲಿ ಹೊಳೆಯುವ ತೊಗರಿಯನ್ನು ಕಂಡು ದರ ಹೇಳುವವನಿಗೆ ಗಂಜಿನಲ್ಲಿ ಯಾರೂ ಕುಳಿತುಕೊಳ್ಳಲು ಗಾದಿ ಕೊಡುವುದಿಲ್ಲ. ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಬೇಕು, ತಳದ ಕಾಳನ್ನು ಅಂಗೈಗೆ ಇಳಿಸಿಕೊಳ್ಳಬೇಕು, ಒಂದನ್ನು ಹಲ್ಲಿಗೆ ಕೊಟ್ಟು ಕಡಿಯಬೇಕು. ಟಕ್ ಎಂದು ಒಡೆದರೆ ಒಣಗಿದೆ, ಹಲ್ಲಿಗೆ ಅಂಟಿದರೆ ಹಸಿ ಇದೆ. ದರದ ಮಾತು ಆಮೇಲೆ. ಈ ಗೆಲುವನ್ನೂ ಹಾಗೆ ಒಮ್ಮೆ ಚುಚ್ಚಿ ನೋಡೋಣವೆಂದು ಕುಳಿತೆ. ಪತ್ರ ಉದ್ದವಾಗಿದೆ, ಬೇಕಾದಲ್ಲಿ ಕತ್ತರಿಸಿಕೊಳ್ಳಿ. ಪೆನಾಲ್ಟಿ ಕಾರ್ನರಿನ (ಎದುರಾಳಿ ತನ್ನ ಗೋಲಿನ ಬಳಿ ತಪ್ಪು ಮಾಡಿದಾಗ ಸಿಗುವ ಹೊಡೆತದ) ಮಾತಿಗೆ ಮಾತ್ರ ಕತ್ತರಿ ಹಾಕಬೇಡಿ.

ಅಂದು ಚಂದ್ರಗ್ರಹಣ ಬೇರೆ. ರಾತ್ರಿ ಹತ್ತಕ್ಕೆ ಮೂರು ನಿಮಿಷ ಇರುವಾಗ ಸ್ಪರ್ಶ. ಮಧ್ಯಾಹ್ನದಿಂದಲೇ ವೇಧವೆಂದು ಶಹಾಬಜಾರಿನ ನಮ್ಮ ಓಣಿಯ ಗುಡಿಯ ಬಾಗಿಲು ಮುಚ್ಚಿತ್ತು. ನನ್ನ ಹೆಂಡತಿ ನೀರಿನ ಕೊಡ, ಹಾಲಿನ ಪಾತ್ರೆ, ಉಪ್ಪಿನಕಾಯಿ ಭರಣಿ ಎಲ್ಲದರ ಮೇಲೂ ದರ್ಭೆ ಇಟ್ಟು, ಇನ್ನು ನಾಳೆ ಬೆಳಗಿನವರೆಗೆ ಒಲೆ ಹಚ್ಚುವುದಿಲ್ಲ ಎಂದು ಸಾರಿಬಿಟ್ಟಿದ್ದಳು. ಪಂದ್ಯ ನೋಡಲು ಬರುವ ಇಬ್ಬರಿಗೆ ಚಹಾ ಇಲ್ಲ ಎಂದರೆ ಹೇಗೆ? ರೋಜಾ ಬಡಾವಣೆ ಕಡೆಯಿಂದ ಬರುವ ನಮ್ಮ ಹಳೆಯ ಗೋಲಿಗೆ ಇದು ಮೊದಲೇ ಗೊತ್ತಿತ್ತು. (ನಾವು ಆಡುವಾಗ ಗೋಲ್‌ಕೀಪರನನ್ನು ಗೋಲಿ ಎಂದೇ ಕರೆಯುತ್ತಿದ್ದೆವು. ಈಗ ಅವನಿಗೆ ಮೊಮ್ಮಕ್ಕಳಿದ್ದಾರೆ, ಹೆಸರು ಮಾತ್ರ ಬದಲಾಗಿಲ್ಲ.) ಅವನು ಥರ್ಮಾಸಿನಲ್ಲಿ ಚಹಾ ತುಂಬಿಸಿಕೊಂಡು ಬಂದು, “ಗ್ರಹಣ ನಿಮ್ಮ ಒಲೆಗೆ ಭಾಬಿ, ನನ್ನ ಥರ್ಮಾಸಿಗೆ ಅಲ್ಲ” ಎಂದ. ಅವಳು ನಕ್ಕು ಲೋಟ ಕೊಟ್ಟಳು. ತಾನು ಮಾತ್ರ ಕುಡಿಯಲಿಲ್ಲ.

ಏಳೂವರೆಗೆ ಆಟ ಶುರು. ರೈಲ್ವೆಯಿಂದ ನಿವೃತ್ತರಾದ ನಮ್ಮ ಇನ್ನೊಬ್ಬ ಗೆಳೆಯರು ಖುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿ ಮೂಗಿಗೆ ಏರಿಸುವಷ್ಟರಲ್ಲಿ ಸುಖಜೀತ್ ಸಿಂಗ್ ಗೋಲು ಹೊಡೆದು ಆಗಿತ್ತು. ಅರ್ಧ ನಿಮಿಷವೂ ಕಳೆದಿತ್ತೋ ಇಲ್ಲವೋ. ಕೋಲನ್ನು ತಿರುವಿ ಹಿಂಗೈಯಲ್ಲಿ ಬೀಸಿದ ಹೊಡೆತ. ನಮ್ಮ ಕಾಲದಲ್ಲಿ ಅದನ್ನು ಯಾರೂ ಕಲಿಸುತ್ತಿರಲಿಲ್ಲ. ಹಾಗೆ ಹೊಡೆಯಲು ಹೋದರೆ ಮಾಸ್ತರರು ಹೊರಗೆ ಕೂರಿಸುತ್ತಿದ್ದರು. ರೈಲ್ವೆಯವರು ಆ ಗೋಲನ್ನು ನೋಡಿದ್ದು ಮರುಪ್ರಸಾರದಲ್ಲೇ. ಅದರ ಸಿಟ್ಟು ಅವರಿಗೆ ಇನ್ನೂ ಹೋಗಿಲ್ಲ. ಇಪ್ಪತ್ತೈದು ವರ್ಷ ರೈಲನ್ನು ಹೊತ್ತಿಗೆ ಸರಿಯಾಗಿ ಬಿಟ್ಟವರು ಗೋಲು ನೋಡಲು ತಡವಾದರಲ್ಲ ಎಂದು ನಾವು ಅವರನ್ನು ಕೆಣಕುತ್ತಲೇ ಇದ್ದೇವೆ.

ಮೊದಲ ಕ್ವಾರ್ಟರಿನಲ್ಲೇ ನಮಗೊಂದು ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿರುವ ಹೊಡೆತ, ಕೂಡ ಸಿಕ್ಕಿತು. ಹೊಡೆಯಲು ನಿಂತವರು ಜುಗರಾಜ್ ಸಿಂಗ್. ಇಂಥ ಗಳಿಗೆಯಲ್ಲಿ ನಮ್ಮ ಗೋಲಿ ಕುಳಿತುಕೊಳ್ಳುವುದಿಲ್ಲ. ಟಿ.ವಿ. ಮುಂದೆಯೇ ಎದ್ದು, ಮೊಣಕಾಲು ಮಡಚಿ, ಎರಡೂ ಕೈ ಅಗಲಿಸಿ ನಿಲ್ಲುತ್ತಾನೆ. ಅರವತ್ತಮೂರರ ಆ ಮೊಣಕಾಲುಗಳು ನಮ್ಮ ಮನೆಯ ಫರಸಿಯ ಮೇಲೆ ಮಾಡಿದ ಸದ್ದು ಟಿ.ವಿ. ಸದ್ದಿಗಿಂತ ಜೋರಾಗಿ ಕೇಳಿಸಿತು. “ಭುಜ ನೋಡಿ, ಚೆಂಡು ನೋಡಬೇಡಿ” ಎಂದ. ಚೆಂಡು ಇಡುವ ಜಾಗ ಗೋಲಿನಿಂದ ಆರೂವರೆ ಮೀಟರ್ ಕೂಡ ಇಲ್ಲ, ಲೆಕ್ಕಕ್ಕೆ 6.4. ಅಷ್ಟು ಹತ್ತಿರದಿಂದ ಬರುವ ಚೆಂಡನ್ನು ನೋಡಿ ತಡೆಯಲು ಆಗುವುದಿಲ್ಲ, ಹೊಡೆಯುವವನನ್ನು ಓದಿ ತಡೆಯಬೇಕು ಎನ್ನುವುದು ಅವನ ಯಾವತ್ತಿನ ವಾದ. ಕೊರಿಯಾದ ಗೋಲ್‌ಕೀಪರ್ ತಡೆದೇಬಿಟ್ಟರು. ಗೋಲಿಗೆ ಒಳಗೊಳಗೇ ಖುಷಿ. ದೇಶ ಯಾವುದಾದರೂ ಅವನ ಜಾತಿ ಗೋಲ್‌ಕೀಪರುಗಳದು. ಆಮೇಲೆ ಮುಖ ಗಂಟಿಕ್ಕಿಕೊಂಡು, “ಸ್ಟ್ರೋಕ್ ತಪ್ಪಿಸುವ ತಂಡ ಫೈನಲ್ ಗೆಲ್ಲಬಹುದು, ಯೂರೋಪಿನಲ್ಲಿ ಗೆಲ್ಲಲಾರದು” ಎಂದ. ನನ್ನ ಪತ್ರದ ಬೀಜ ಆ ಮಾತಿನಲ್ಲಿದೆ.

ಮೊದಲು ಜಮಾ ಕಡೆ ಬರೆಯುತ್ತೇನೆ, ಗೆದ್ದವರಿಗೆ ಅನ್ಯಾಯ ಆಗಬಾರದು. ಫೈನಲಿನ ನಾಲ್ಕು ಗೋಲುಗಳಲ್ಲಿ ಮೂರು ಆಟದ ಓಟದಲ್ಲೇ ಬಂದವು. ಸುಖಜೀತ್ ಒಂದು, ದಿಲ್‌ಪ್ರೀತ್ ಸಿಂಗ್ ಎರಡು. ದಿಲ್‌ಪ್ರೀತ್ ಅವರ ಗೋಲುಗಳು ಬಂದ ಹೊತ್ತನ್ನು ಗಮನಿಸಿ: 28ನೇ ನಿಮಿಷ, 45ನೇ ನಿಮಿಷ. ಒಂದು ಎರಡನೆಯ ಕ್ವಾರ್ಟರ್ ಮುಗಿಯಲು ಎರಡೇ ನಿಮಿಷ ಇರುವಾಗ, ಇನ್ನೊಂದು ಮೂರನೆಯ ಕ್ವಾರ್ಟರಿನ ಕಡೆಯ ಗಳಿಗೆಯಲ್ಲಿ. ಎದುರಾಳಿ ಇನ್ನೇನು ನೀರು ಕುಡಿಯಲು ಹೋಗುತ್ತೇನೆ ಎಂದುಕೊಂಡಾಗ ಹೊಡೆದರೆ ಅವರು ವಿರಾಮದಲ್ಲಿ ಆಟದ ಮಾತು ಆಡುವುದನ್ನು ಬಿಟ್ಟು ಒಬ್ಬರನ್ನೊಬ್ಬರು ದೂರುತ್ತಾರೆ. ನಾಲ್ಕನೆಯದು ಅಮಿತ್ ರೋಹಿದಾಸ್ ಅವರ ಪೆನಾಲ್ಟಿ ಕಾರ್ನರ್.

ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರ ಹೆಸರು ಫೈನಲಿನ ಗೋಲುಗಳಲ್ಲಿ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಇದೇ ಎಂದರೆ ನೀವು ನಗಬಹುದು. ಆಗಸ್ಟ್ 29ರಂದು, ಧ್ಯಾನ್‌ಚಂದ್ ಹುಟ್ಟಿದ ದಿನ, ಇದೇ ಟೂರ್ನಿಯ ಮೊದಲ ಪಂದ್ಯದಲ್ಲಿ ಚೀನಾವನ್ನು 4-3ರಿಂದ ದಾಟಿದೆವಲ್ಲ, ಆಗ ನಾಲ್ಕೂ ಗೋಲು ಪೆನಾಲ್ಟಿ ಕಾರ್ನರಿನವು, ಅದರಲ್ಲಿ ಮೂರು ನಾಯಕರವೇ. ಮುಂದಿನ ಪಂದ್ಯದಲ್ಲಿ ಜಪಾನ್ ವಿರುದ್ಧ 3-2. ಅಲ್ಲಿಯೂ ಎರಡು ಅವರವು. ಒಬ್ಬನ ದುಡಿಮೆಯ ಮೇಲೆ ನಿಂತ ಸಂಸಾರದ ಹಾಗೆ ಇತ್ತು ತಂಡ. ಎಂಟು ದಿನ ಕಳೆದು ಅದೇ ಚೀನಾ ಎದುರಾದಾಗ 7-0. ಶಿಲಾನಂದ ಲಾಕ್ರಾ, ದಿಲ್‌ಪ್ರೀತ್, ಮಂದೀಪ್, ರಾಜ್‌ಕುಮಾರ್ ಪಾಲ್, ಸುಖಜೀತ್ ತಲಾ ಒಂದು, ಅಭಿಷೇಕ್ ಎರಡು. ಏಳು ಗೋಲಿಗೆ ಆರು ಮಂದಿ, ನಾಯಕರು ಅವರಲ್ಲಿಲ್ಲ. ಅಭಿಷೇಕ್ ಟೂರ್ನಿಯ ಶ್ರೇಷ್ಠ ಆಟಗಾರ ಎನ್ನಿಸಿಕೊಂಡದ್ದು ಸರಿಯಾಗಿಯೇ ಇದೆ. ಹರ್ಮನ್‌ಪ್ರೀತ್ ಹಿಂದೆ ನಿಂತು ಚೆಂಡು ಹಂಚುವುದನ್ನು ನೋಡಿದರೆ, ಇಷ್ಟು ದಿನ ಅವರ ಭುಜವನ್ನಷ್ಟೇ ಹೊಗಳಿ ಕಣ್ಣನ್ನು ಮರೆತಿದ್ದೆವು ಎನ್ನಿಸುತ್ತದೆ.

ಇನ್ನು ಬಾಕಿಯ ಕಡೆ. ಏಳು ಪಂದ್ಯಗಳಲ್ಲಿ ನಾವು ಹೊಡೆದದ್ದು 39, ಬಿಟ್ಟುಕೊಟ್ಟದ್ದು 9. ಕೇಳಲು ಇಂಪಾಗಿದೆ. ಆದರೆ ಗಂಜಿನಲ್ಲಿ ಧೂಳು, ಕಸ, ಹಸಿ ಎಂದು ಸೂಟು ತೆಗೆದು ತೂಕ ಬರೆಯುವ ಹಾಗೆ ಇಲ್ಲಿಯೂ ತೆಗೆಯಬೇಕು. ರೈತನ ತೂಕದಲ್ಲಿ ಸೂಟು ತೆಗೆಯುವುದು ಅನ್ಯಾಯ, ಗೋಲಿನಲ್ಲಿ ತೆಗೆದರೆ ಯಾರಿಗೂ ನಷ್ಟವಿಲ್ಲ. ಆ 39ರಲ್ಲಿ 15 ಕಜಕಸ್ತಾನದ ವಿರುದ್ಧ ಬಂದವು. ಪಾಕಿಸ್ತಾನ ಮತ್ತು ಓಮನ್ ಬರುವುದಿಲ್ಲ ಎಂದ ಮೇಲೆ ಬಾಂಗ್ಲಾದೇಶದ ಜೊತೆ ಕರೆತಂದ ತಂಡ ಅದು. ಪಾಪ, ಹುಡುಗರು ಓಡಿದರು. ಆ 15ನ್ನು ತೆಗೆದಿಟ್ಟರೆ ಆರು ಪಂದ್ಯಕ್ಕೆ 24 ಗೋಲು, ಪಂದ್ಯಕ್ಕೆ ನಾಲ್ಕು. ಇದು ಗಟ್ಟಿ ಕಾಳು, ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ 9ರ ಬಗ್ಗೆ. ಚೀನಾಕ್ಕೆ 3, ಜಪಾನಿಗೆ 2, ಕೊನೆಯ ನಾಲ್ಕು ತಂಡಗಳ ಸೂಪರ್ 4 ಸುತ್ತಿನಲ್ಲಿ ಮಲೇಷ್ಯಾಕ್ಕೆ 1, ಇದೇ ಕೊರಿಯಾಕ್ಕೆ 2. ಆ ಕೊರಿಯಾ ಪಂದ್ಯ 2-2ರಲ್ಲಿ ಮುಗಿಯಿತು. 52ನೇ ನಿಮಿಷದಲ್ಲಿ ಮಂದೀಪ್ ಗೋಲು ಹೊಡೆಯದಿದ್ದರೆ ಸುವರ್ಣಯುಗದ ಪತ್ರ ನಿಮಗೆ ಬರುತ್ತಲೇ ಇರಲಿಲ್ಲ. ಫೈನಲಿನಲ್ಲಿಯೂ ನೋಡಿ: 50ನೇ ನಿಮಿಷದಲ್ಲಿ 4-0, 51ನೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್ ಕೊಟ್ಟು ಗೋಲು ತಿಂದೆವು. ಕಣ ಮುಗಿಯುವ ಮುಂಚೆಯೇ ಕಾವಲುಗಾರ ಮಲಗಿದಂತಾಯಿತು.

“ನಾಲ್ಕು ಹೊಡೆದ ಮೇಲೆ ಒಂದು ಹೋದರೆ ಏನು?” ಎಂದರು ರೈಲ್ವೆಯವರು. ಗೋಲಿ ಸಿಡಿದೆದ್ದ. ಹಿಂದಿನ ಗೋಲ್‌ಕೀಪರ್ ಶ್ರೀಜೇಶ್ ಇದ್ದಿದ್ದರೆ 4-0 ಆದ ಮೇಲೆಯೂ ಹಿಂದಿನವರನ್ನು ಬೈಯುತ್ತಲೇ ಇರುತ್ತಿದ್ದರು, ಆ ಬೈಗುಳ ಈಗ ಕೇಳಿಸುತ್ತಿಲ್ಲ ಎನ್ನುವುದು ಅವನ ದೂರು. ಪ್ಯಾರಿಸ್ ಒಲಿಂಪಿಕ್ಸ್ ಮುಗಿದು ಶ್ರೀಜೇಶ್ ಕೋಲು ಕೆಳಗಿಟ್ಟು ವರ್ಷವಾಯಿತು. ಕೃಷ್ಣ ಪಾಠಕ್ ಮತ್ತು ಸೂರಜ್ ಕರ್ಕೇರ ಕೈಯಲ್ಲಿ ಚುರುಕಾಗಿದ್ದಾರೆ, ಬಾಯಿಯಲ್ಲಿ ಇನ್ನೂ ಬೆಳೆಯಬೇಕು ಎಂದು ಅವನ ಲೆಕ್ಕ. ಗೋಲ್‌ಕೀಪರನ ಅರ್ಧ ಆಟ ಬಾಯಿಯಲ್ಲಿದೆ ಎಂದು ನಲವತ್ತೈದು ವರ್ಷದಿಂದ ಹೇಳುತ್ತಿದ್ದಾನೆ. ಎಡ ಹಾಫ್ ಆಗಿ ಅವನ ಮುಂದೆ ಆಡುತ್ತಾ ಆ ಬಾಯಿಯ ರುಚಿ ನೋಡಿದವನು ನಾನು. ಗರಸು ಹಾಕಿ ಉರುಳು ಎಳೆದ ಮೈದಾನದಲ್ಲಿ ಚೆಂಡು ಯಾವ ಕಡೆ ಪುಟಿಯುತ್ತದೆ ಎಂದು ಚೆಂಡಿಗೂ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಬರುವ ಅವನ ಉರ್ದು ಬೈಗುಳವೇ ನಮಗೆ ದಾರಿ ತೋರಿಸುತ್ತಿತ್ತು.

ಅದಿರಲಿ. ಪೆನಾಲ್ಟಿ ಕಾರ್ನರಿನ ಮಾತಿಗೆ ಬರುತ್ತೇನೆ. ಆರನೆಯ ತರಗತಿಯ ನನ್ನ ಮೊಮ್ಮಗಳು ಅಂದು ನಮ್ಮ ಜೊತೆ ಕುಳಿತಿದ್ದಳು. ಗ್ರಹಣ ನೋಡಲು ಎಚ್ಚರವಿರಬೇಕು ಎನ್ನುವುದು ಅವಳ ನೆಪ. ಕೊರಿಯಾದವರು ಕಾರ್ನರಿಗೆ ನಿಂತಾಗ, “ಮುತ್ಯಾ, ನಮ್ಮವರೇಕೆ ಮುಖಕ್ಕೆ ಏನೋ ಕಟ್ಟಿಕೊಳ್ಳುತ್ತಿದ್ದಾರೆ?” ಎಂದು ಕೇಳಿದಳು. ತಡೆಯುವ ತಂಡದ ಐದೇ ಮಂದಿ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು, ಅವರಲ್ಲಿ ಒಬ್ಬ ಗೋಲ್‌ಕೀಪರ್. ಉಳಿದವರೆಲ್ಲ ಅರ್ಧ ಮೈದಾನದಾಚೆ ಹೋಗಬೇಕು. ಚೆಂಡು ಗೆರೆಯಿಂದ ಹೊರಟು ಗೋಲಿನ ಮುಂದಿನ ಅರ್ಧವೃತ್ತ ‘ಡಿ’ ದಾಟಿ ನಿಂತ ಕೂಡಲೇ ಎಳೆದು ಎಸೆಯುತ್ತಾರೆ, ಮೊದಲು ಓಡಿಬರುವವನ ಮುಖಕ್ಕೋ ಮೊಣಕಾಲಿಗೋ ಅದು ಬಡಿಯಬಹುದು, ಅದಕ್ಕೇ ಮುಖವಾಡ ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೊದಲು ಓಡುವವನಿಗೆ ಗೋಲು ಹೊಡೆದವನಿಗಿಂತ ಜಾಸ್ತಿ ಧೈರ್ಯ ಬೇಕು. ಅವನ ಹೆಸರು ಏನು?” ಎಂದಳು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಯಾವ ಕಾರ್ನರಿನಲ್ಲಿ ಯಾರು ಮೊದಲು ಓಡಿದರು ಎಂದು ನಾವು ಯಾವತ್ತಾದರೂ ಬರೆದಿಟ್ಟುಕೊಂಡಿದ್ದೆವೇ? ಅವಳು ಎದ್ದು ಹೋಗಿ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಹಿಂದೆ ಗೆರೆ ಎಳೆದು, ಕಾರ್ನರ್ ಸಿಕ್ಕಾಗಲೆಲ್ಲ ಒಂದೊಂದು ಗೀಟು ಹಾಕತೊಡಗಿದಳು. ರಕ್ತದಲ್ಲಿ ಗುಮಾಸ್ತಿಕೆ ಇದೆ. ಆದರೆ ಮಧ್ಯದಲ್ಲಿ ಅಜ್ಜಿ ಕರೆದಳು, ಗೀಟು ತಪ್ಪಿತು, ರೈಲ್ವೆಯವರು ಒಂದು ಸಂಖ್ಯೆ ಹೇಳಿದರು, ಗೋಲಿ ಇನ್ನೊಂದು ಹೇಳಿದ. ಜಗಳ ತೀರಿಸಲು ಸೋಮವಾರ ಬೆಳಗಿನ ನಿಮ್ಮ ಪತ್ರಿಕೆಯನ್ನು ಕಾಯುವುದೆಂದು ತೀರ್ಮಾನವಾಯಿತು.

ಬೆಳಿಗ್ಗೆ ಪತ್ರಿಕೆ ಬಂತು. ಕಪ್ ಎತ್ತಿದ ದೊಡ್ಡ ಚಿತ್ರ, 4-1, ಗೋಲು ಹೊಡೆದವರ ಹೆಸರು, ನಿಮಿಷ. ಎಷ್ಟು ಕಾರ್ನರ್ ಸಿಕ್ಕವು, ಎಷ್ಟು ಗೋಲಾದವು, ಎಷ್ಟನ್ನು ಕೊಟ್ಟೆವು ಎಂಬ ಒಂದು ಸಾಲೂ ಇಲ್ಲ. ಕ್ರಿಕೆಟ್ ಪಂದ್ಯವಾದರೆ ಹತ್ತನೆಯ ಆಟಗಾರ ಎಷ್ಟು ಚೆಂಡಿಗೆ ಎಷ್ಟು ರನ್ ಮಾಡಿದ, ಇತರೆ ರನ್ ಎಷ್ಟು, ವೈಡ್ ಎಷ್ಟು ಎಂದು ಮೊಳದುದ್ದ ಪಟ್ಟಿ ಹಾಕುತ್ತೀರಿ. ಹಾಕಿಗೆ ನಾಲ್ಕು ಸಾಲಿನ ಜಾಗವಿಲ್ಲವೇ? ಮಂಗಳವಾರದಿಂದ ದುಬೈ ಕಡೆ ಕ್ರಿಕೆಟಿನ ಏಷ್ಯಾ ಕಪ್ ಶುರುವಾಗಿದೆ, ಇನ್ನು ಕ್ರೀಡಾಪುಟದಲ್ಲಿ ಹಾಕಿಗೆ ಮೂಲೆಯೂ ಸಿಗುವುದಿಲ್ಲ ಎಂದು ನನಗೆ ಗೊತ್ತು. ಕೇಳುವುದನ್ನು ಕೇಳಿಬಿಡುತ್ತೇನೆ.

ಗೆದ್ದಾಗ ಲೆಕ್ಕ ಕೇಳುವವನನ್ನು ನಮ್ಮಲ್ಲಿ ಅಪಶಕುನದವನೆಂದು ನೋಡುತ್ತಾರೆ. ನಾನು ಹನ್ನೆರಡು ವರ್ಷದವನಿದ್ದಾಗ ಹಾಗಿರಲಿಲ್ಲ. 1975ರ ಮಾರ್ಚ್ 15. ಕ್ವಾಲಾಲಂಪುರದಲ್ಲಿ ವಿಶ್ವಕಪ್ ಫೈನಲ್, ಎದುರಿಗೆ ಪಾಕಿಸ್ತಾನ. ಸ್ಟೇಷನ್ ರಸ್ತೆಯ ಹೋಟೆಲೊಂದರ ರೇಡಿಯೊ ಮುಂದೆ ಅಪ್ಪನ ಕಾಲ ಬಳಿ ಕುಳಿತು ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆ ಕೇಳಿದೆ. ಅರ್ಧ ಮಾತು ಅರ್ಥವಾಗಲಿಲ್ಲ, ಅವರ ಉಸಿರು ಮಾತ್ರ ಅರ್ಥವಾಯಿತು. ಪಾಕಿಸ್ತಾನ ಮೊದಲು ಹೊಡೆಯಿತು, ಸುರ್ಜೀತ್ ಸಿಂಗ್ ಸಮ ಮಾಡಿದರು, ಅಶೋಕ್ ಕುಮಾರ್ ಗೆಲ್ಲಿಸಿದರು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಹೋಟೆಲಿನವನು ಎಲ್ಲರಿಗೂ ಪುಕ್ಕಟೆ ಭಜಿ ಕೊಟ್ಟ. ಭಜಿ ತಿನ್ನುತ್ತಲೇ ಹಿರಿಯರು ಜಗಳಕ್ಕೆ ಬಿದ್ದರು. ಅಶೋಕ್ ಅವರ ಚೆಂಡು ಕಂಬಕ್ಕೆ ಬಡಿದು ವಾಪಸು ಬಂತೋ ಒಳಗೆ ಹೋಗಿ ಬಂತೋ, ಮೊದಲ ಅರ್ಧದಲ್ಲಿ ಹಾಫ್ ಲೈನ್ ಏಕೆ ತೆರೆದಿತ್ತು, ಎಲ್ಲದಕ್ಕೂ ವಾದ. ಗೆದ್ದಿದ್ದೇವಲ್ಲ ಎಂದು ಯಾರೂ ಬಾಯಿ ಮುಚ್ಚಲಿಲ್ಲ. ಅಪ್ಪ ಮನೆಗೆ ಬರುವ ದಾರಿಯಲ್ಲಿಯೂ ಒಬ್ಬರೇ ವಾದಿಸುತ್ತಿದ್ದರು.

ಅದರ ಮುಂದಿನ ವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್. ಹುಲ್ಲು ಹೋಗಿ ಮೊದಲ ಸಲ ಕೃತಕ ಹಾಸು ಬಂತು. ವಿಶ್ವಕಪ್ ಗೆದ್ದವರು ಏಳನೆಯ ಸ್ಥಾನಕ್ಕೆ ಇಳಿದರು. ಇಂದಿಗೂ ನಮ್ಮ ಬಳಿ ಇರುವುದು 1975ರ ಆ ಒಂದೇ ವಿಶ್ವಕಪ್.

ತವರಿನ ನೆಲದ ಬಲ ಎಂದು ಆ ಸುವರ್ಣಯುಗದ ಪತ್ರ ಬರೆದ ಮಹನೀಯರು ಎರಡು ಸಲ ಹೇಳಿದ್ದಾರೆ. ತವರಿನಲ್ಲಿ ಉಪಚಾರ ಹೆಚ್ಚು, ನಿಜ. ಆದರೆ 1982ರಲ್ಲಿ ದೆಹಲಿ ತವರೇ ಆಗಿತ್ತಲ್ಲ? ಏಷ್ಯನ್ ಕ್ರೀಡಾಕೂಟದ ಫೈನಲ್, ಮೊದಲ ಗೋಲು ನಮ್ಮದೇ, ಕೊನೆಗೆ ಪಾಕಿಸ್ತಾನ 7, ಭಾರತ 1. ಅಂಗಡಿಗೆ ಸೇರಿದ ಹೊಸದರಲ್ಲಿ ಆ ಸುದ್ದಿ ಕೇಳಿ ಕಿರ್ದಿಯಲ್ಲಿ ಜಮಾವನ್ನು ಖರ್ಚಿಗೆ ಬರೆದು ಮಾಲೀಕರಿಂದ ಬೈಸಿಕೊಂಡಿದ್ದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟವೂ ದೆಹಲಿಯಲ್ಲೇ. ಫೈನಲಿನಲ್ಲಿ ಆಸ್ಟ್ರೇಲಿಯಾ ಎಂಟು ಹೊಡೆಯಿತು, ನಮ್ಮದು ಸೊನ್ನೆ. 2023ರ ವಿಶ್ವಕಪ್ ಒಡಿಶಾದಲ್ಲಿ. ಭುವನೇಶ್ವರದಲ್ಲಿ ನ್ಯೂಜಿಲೆಂಡ್ ವಿರುದ್ಧ 3-1ರಿಂದ ಮುಂದಿದ್ದು, 3-3 ಮಾಡಿಕೊಂಡು, ಶೂಟೌಟಿನಲ್ಲಿ ಸೋತು, ಕ್ವಾರ್ಟರ್ ಫೈನಲನ್ನೂ ಮುಟ್ಟದೆ ಮನೆಗೆ ಬಂದೆವು. ಮನೆಯಲ್ಲೇ ಇದ್ದೆವು, ಬರುವುದೆಲ್ಲಿಂದ! ರೈಲ್ವೆಯವರು ಇದಕ್ಕೆ ಉತ್ತರವಾಗಿ ಅದೇ ವರ್ಷದ ಚೆನ್ನೈಯನ್ನು ತೆಗೆದರು. ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲಿನಲ್ಲಿ ಮಲೇಷ್ಯಾ 3-1ರಿಂದ ಮುಂದಿತ್ತು, ನಮ್ಮವರು 4-3 ಮಾಡಿ ಗೆದ್ದರು. ಅದೂ ತವರೇ. ಒಪ್ಪಿದೆ. ಹಾಗಾದರೆ ತವರು ಎರಡೂ ಕಡೆ ಬರೆಯಬಹುದಾದ ಖಾತೆ.

ನನ್ನನ್ನು ಕಾಡುವುದು ಈ ಜೂನ್ ತಿಂಗಳು. ದೇಶದೇಶಗಳ ತಂಡಗಳು ಆಡುವ ಪ್ರೊ ಲೀಗ್ ಟೂರ್ನಿ ಆಡಲು ಯೂರೋಪಿಗೆ ಹೋದವರು ಸಾಲಾಗಿ ಏಳು ಪಂದ್ಯ ಸೋತರು. ನೆದರ್ಲೆಂಡ್ಸ್, ಅರ್ಜೆಂಟೀನಾ, ಆಸ್ಟ್ರೇಲಿಯಾ, ಬೆಲ್ಜಿಯಂ. ಕಡೆಯ ದಿನ ಬೆಲ್ಜಿಯಂ ಅನ್ನು 4-3ರಿಂದ ಸೋಲಿಸಿ ಮಾನ ಉಳಿಸಿಕೊಂಡರು. ಆ ಏಳರಲ್ಲಿ ಹೆಚ್ಚಿನವು ಒಂದೇ ಗೋಲಿನ ಅಂತರದ ಸೋಲುಗಳು: 1-2, 2-3, 3-4. ಇವುಗಳನ್ನು ದೊಡ್ಡ ಸೋಲು ಎನ್ನಲಾಗದು. ತಪ್ಪಿಹೋದ ಒಂದು ಸ್ಟ್ರೋಕ್, ಗೋಲಾಗದ ಒಂದು ಕಾರ್ನರ್, ಮುಂದಿರುವಾಗ ಮಲಗಿದ ಒಂದು ನಿಮಿಷ. ರಾಜಗೀರ್‌ನ ಫೈನಲಿನಲ್ಲಿ ತಪ್ಪಿದ ಸ್ಟ್ರೋಕ್ ಇದೆ, ಮಲಗಿದ ನಿಮಿಷವೂ ಇದೆ. ಮೂರು ಗೋಲಿನ ಅಂತರ ಅವೆರಡರ ಮೇಲೆ ಚಾದರ ಹೊದಿಸಿತು, ಅಷ್ಟೆ. ಈ ಗೆಲುವಿನಿಂದ ಮುಂದಿನ ವರ್ಷದ ವಿಶ್ವಕಪ್ಪಿಗೆ ನೇರ ಪ್ರವೇಶ ಸಿಕ್ಕಿದೆ. ಅದು ನಡೆಯುವುದು ಬೆಲ್ಜಿಯಂ ಮತ್ತು ನೆದರ್ಲೆಂಡ್ಸಿನಲ್ಲಿ, ಅಂದರೆ ಜೂನ್ ತಿಂಗಳಲ್ಲಿ ಸೋತ ನಾಡುಗಳಲ್ಲೇ.

ಕೋಚ್ ಕ್ರೇಗ್ ಫುಲ್ಟನ್ ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲರು, ನನ್ನ ಕಿರ್ದಿ ಅವರಿಗೆ ಬೇಕಿಲ್ಲ. ಬೇಕಿರುವುದು ನಮಗೆ, ನೋಡುವವರಿಗೆ. ಇದೇ ಹದಿನೆಂಟು ಮಂದಿ ನಾಳೆ 1-2ರಿಂದ ಸೋತರೆ ಇವತ್ತು ಸುವರ್ಣಯುಗ ಎಂದವರೇ ನಾಯಕನನ್ನು ಬದಲಾಯಿಸಿ ಎಂದು ನಿಮಗೆ ಬರೆಯುತ್ತಾರೆ. ಅಂಥ ಪತ್ರಗಳನ್ನು ನೀವು ಅಚ್ಚು ಹಾಕಿದ್ದನ್ನು ನಾನು ಕತ್ತರಿಸಿ ಇಟ್ಟಿದ್ದೇನೆ.

ಇನ್ನೊಂದು ಮಾತು, ಇದು ಸಿಟ್ಟಿನದಲ್ಲ, ಹೊಟ್ಟೆಕಿಚ್ಚಿನದು. ಕಲಬುರಗಿಯ ಮುಂದೆ ರಾಜಗೀರ್ ಪುಟ್ಟ ಊರು. ಬುದ್ಧ ನಡೆದಾಡಿದ ರಾಜಗೃಹ ಅದು. ನಮ್ಮಲ್ಲಿಯೂ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವಿದೆ, ಸ್ತೂಪವಿದೆ, ಹಳೆಯ ಹೆಸರಿನಲ್ಲಿ ನಾವು ಕಡಿಮೆಯವರಲ್ಲ. ಆ ಪುಟ್ಟ ಊರಿನಲ್ಲಿ ಹೋದ ವರ್ಷ ಮಹಿಳೆಯರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ, ಈ ವರ್ಷ ಪುರುಷರ ಏಷ್ಯಾ ಕಪ್. ಪ್ರವೇಶವೂ ಉಚಿತ. ಗ್ಯಾಲರಿಯಲ್ಲಿ ಹೆಗಲ ಮೇಲೆ ಗಮಛಾ ಹಾಕಿಕೊಂಡು, ಮಕ್ಕಳನ್ನು ಎತ್ತಿಕೊಂಡು ನಿಂತವರನ್ನು ಟಿ.ವಿ.ಯಲ್ಲಿ ತೋರಿಸಿದಾಗ ನಮ್ಮ ಆಳಂದ, ಜೇವರ್ಗಿ ಕಡೆಯ ಜನರನ್ನೇ ನೋಡಿದಂತಾಯಿತು. ರಾಷ್ಟ್ರೀಯ ತಂಡ ವರ್ಷದ ಬಹುಪಾಲು ಅಭ್ಯಾಸ ಮಾಡುವುದು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಆದರೂ ಏಷ್ಯಾ ಕಪ್ಪಿನ ಹದಿನೆಂಟರಲ್ಲಿ ಕರ್ನಾಟಕದಿಂದ ಬಂದವರು ಒಬ್ಬರೂ ಇರಲಿಲ್ಲ. ಎಂ.ಪಿ. ಗಣೇಶ್, ಗೋವಿಂದ, ಸೋಮಯ್ಯ, ರಘುನಾಥ್, ಸುನಿಲ್ ಎಂದು ಬೆರಳು ಮಡಚಿ ಎಣಿಸುತ್ತಿದ್ದ ರಾಜ್ಯ ಇದು. ಆ ಬೆರಳುಗಳೂ ಬಹುಪಾಲು ಕೊಡಗಿನವೇ. ನಮ್ಮ ಕಡೆಯ ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಕೀಳುತ್ತದೆ. ಹಾಕಿ ಬೆಳೆಯಲಿಲ್ಲ ಎಂದರೆ ನೆಲದ ತಪ್ಪನ್ನಷ್ಟೇ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆವು. ರಾಜಗೀರ್ ನೋಡಿದ ಮೇಲೆ ಆ ನೆಪ ಉಳಿಯಲಿಲ್ಲ.

ಮೊಮ್ಮಗಳು ಮಾತ್ರ ನೆಲದ ಗೊಡವೆಗೇ ಹೋಗಿಲ್ಲ. ಸೋಮವಾರ ಸಂಜೆ ಅಂಗಳದ ಶಹಾಬಾದಿ ಫರಸಿಗೆ ನೀರು ಸುರಿದು, ನನ್ನ ಹಳೆಯ ಕೋಲಿನಿಂದ ಚೆಂಡನ್ನು ಎಳೆದು ಎಸೆಯಲು ಶುರು ಮಾಡಿದ್ದಾಳೆ. ಒದ್ದೆ ಫರಸಿಯ ಮೇಲೆ ಚೆಂಡು ಟಿ.ವಿ.ಯಲ್ಲಿ ಕಂಡ ಹಾಗೆಯೇ ಜಾರುತ್ತದೆ. ಕೋಲು ಅವಳ ಎದೆಯವರೆಗೆ ಬರುತ್ತದೆ. ಮೊದಲ ದಿನ ತುಳಸಿಕಟ್ಟೆಯ ಮೂಲೆ ಹೋಯಿತು. ನನ್ನ ಹೆಂಡತಿ ಗ್ರಹಣದ ಫಲ ಎಂದಳು.

ಹಾಗಾಗಿ, ಸಂಪಾದಕರೇ, ನನ್ನ ಬೇಡಿಕೆ ಇಷ್ಟು. ಮುಂದಿನ ಹಾಕಿ ಪಂದ್ಯದ ವರದಿಯ ಕೆಳಗೆ ನಾಲ್ಕು ಸಾಲು ಹಾಕಿ: ಸಿಕ್ಕ ಪೆನಾಲ್ಟಿ ಕಾರ್ನರ್ ಎಷ್ಟು, ಗೋಲಾದವು ಎಷ್ಟು, ಕೊಟ್ಟವು ಎಷ್ಟು, ತಡೆದವು ಎಷ್ಟು. ಜಾಗ ಉಳಿದರೆ ಹಸಿರು, ಹಳದಿ ಕಾರ್ಡುಗಳ ಲೆಕ್ಕ. ಕಾರ್ನರಿಗೆ ಮೊದಲು ಓಡಿಬಂದವನ ಹೆಸರು ಹಾಕಲು ಸಾಧ್ಯವಾದರೆ ನಮ್ಮ ಮನೆಯಲ್ಲಿ ಒಬ್ಬರು ನಿಮ್ಮ ಪತ್ರಿಕೆಯನ್ನು ಜೀವಮಾನವಿಡೀ ತರಿಸುತ್ತಾರೆ, ಅದಕ್ಕೆ ನಾನು ಜಾಮೀನು.

ಅಂದು ಆಟ ಮುಗಿದು ಕಪ್ ಕೊಡುವುದನ್ನೂ ನೋಡಿ, ಎಲ್ಲರೂ ಮಾಳಿಗೆ ಹತ್ತಿದೆವು. ಮೋಡದ ಸಂದಿಯಲ್ಲಿ ಚಂದ್ರನ ಅಂಚು ಕಪ್ಪಾಗುತ್ತಿತ್ತು. ಮಾಳಿಗೆಯ ಮೇಲೆಯೂ ವಾದ ನಿಲ್ಲಲಿಲ್ಲ. ಮುಂದಿನ ಆಗಸ್ಟಿನ ವಿಶ್ವಕಪ್ಪಿನಲ್ಲಿ ಭಾರತ ಸೆಮಿಫೈನಲ್ ತಲುಪುತ್ತದೆ ಎಂದು ರೈಲ್ವೆಯವರು, ಸ್ಟ್ರೋಕ್ ಸುಧಾರಿಸದಿದ್ದರೆ ಇಲ್ಲ ಎಂದು ಗೋಲಿ. ಪಣ ಒಂದು ಕಿಲೋ ಮಾಲಪುರಿ. ಮಧ್ಯಸ್ಥಿಕೆ ನನ್ನದು, ದಾಖಲೆ ನನ್ನ ಕಿರ್ದಿಯಲ್ಲಿದೆ. ಸಕ್ಕರೆ ಕಾಯಿಲೆಯವನು ನಾನೊಬ್ಬನೇ ಆದ್ದರಿಂದ ಯಾರು ಗೆದ್ದರೂ ನನ್ನ ಪಾಲು ಮೊಮ್ಮಗಳಿಗೆ ಎಂದು ಅವಳೇ ತನ್ನ ಅಕ್ಷರದಲ್ಲಿ ಕೆಳಗೆ ಬರೆದುಕೊಂಡಿದ್ದಾಳೆ.

ಇತಿ ನಿಮ್ಮ ಹಳೆಯ ಓದುಗ,
ನೆಹರೂ ಗಂಜಿನ ನಿವೃತ್ತ ಗುಮಾಸ್ತ,
ಶಹಾಬಜಾರ್, ಕಲಬುರಗಿ